ನೀರು ಖರ್ಚಾಗದ ಮನೆ

ರೆನ್ಸ್ಕೆ ಹಿತ್ತಲಿನ ಪೀಪಾಯಿಯಿಂದ ಮಳೆನೀರು ತೋಡಿಕೊಂಡು ಬಂದು ನೆಲ ಒರೆಸುತ್ತಿದ್ದಾಗ ಪುರಸಭೆಯ ಪತ್ರ ಬಂತು. 'ನಾವು ಕೊಟ್ಟ ಬಾಡಿಗೆ ಮನೆಯಲ್ಲಿ ನೀವು ವಾಸವಾಗಿಲ್ಲವೆಂದು ಕಂಡುಬಂದಿದೆ. ತಿಂಗಳೊಳಗೆ ಖಾಲಿ ಮಾಡಿ' ಎಂದಿತ್ತು ಅದರಲ್ಲಿ. ಅವಳಿಗೆ ತಲೆಬುಡ ತಿಳಿಯಲಿಲ್ಲ. ವಾಸವೇ ಇಲ್ಲದಿದ್ದರೆ ಖಾಲಿ ಮಾಡುವುದು ಏನನ್ನು? ಗಂಡ ತೀರಿಕೊಂಡ ಮೇಲೂ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಆ ಕಾಲುವೆ ಬೀದಿ ಬಿಟ್ಟು ಕದಲದವಳು ಅವಳು. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೋಣೆ ಕೋಣೆ ಸುತ್ತಿ ಬಂದಳು, ತಾನು ಇರುವುದನ್ನು ಖಾತ್ರಿ ಮಾಡಿಕೊಳ್ಳುವವಳ ಹಾಗೆ.

ಸಂಜೆ ಬಂದ ತಂಗಿ ಆಫ್ಕೆ ಪತ್ರ ಓದಿ, "ಸತ್ತಿದೀಯ ಅಂತ ಬರೀಲಿಲ್ವಲ್ಲ, ಪುಣ್ಯ ಅನ್ಕೋ" ಎಂದಳು.

"ತಮಾಷೆ ಬೇಡ ಕಣೇ. ನಾನೇನು ತಪ್ಪು ಮಾಡ್ದೆ?"

"ಕೆಳಗೆ ಬರೆದಿದೆ ನೋಡು, ಲೆಕ್ಕ ಹಾಕಿರೋದು ಕಂಪ್ಯೂಟರ್ ಯಂತ್ರ. ನಮ್ಮ ಮಾಹಿತಿ ಇಟ್ಕೊಂಡು ಯಂತ್ರ ಒಂದೇ ಇಂಥದ್ದನ್ನ ತೀರ್ಮಾನ ಮಾಡೋ ಹಾಗಿಲ್ಲ. ಮನುಷ್ಯ ನೋಡ್ಬೇಕು, ಕಾರಣ ಹೇಳ್ಬೇಕು. ಕಾನೂನೇ ಇದೆ. ಫೋನ್ ಮಾಡಿ ಕೇಳು."

ಫೋನ್ ಮಾಡಿದ ಮೇಲೆ ಬಂದವನು ಯೆಲ್ಮರ್, ವಸತಿ ವಿಭಾಗದ ತರುಣ. ರೆನ್ಸ್ಕೆ ಕಾಫಿ ಕೊಟ್ಟಳು. ಬಿಸ್ಕತ್ತಿನ ಡಬ್ಬಿ ತೆರೆದು, ಅವನು ಒಂದು ತೆಗೆದುಕೊಂಡದ್ದೇ ಅಲ್ಲಿನ ವಾಡಿಕೆಯಂತೆ ಮುಚ್ಚಳ ಹಾಕಿದಳು.

"ಮೀಟರ್ ಪ್ರಕಾರ ನಿಮ್ಮನೇಲಿ ನೀರೇ ಖರ್ಚಾಗ್ತಿಲ್ಲ ಮೇಡಂ. ಇಷ್ಟು ಕಮ್ಮಿ ನೀರಲ್ಲಿ ಯಾರೂ ಬದುಕಲ್ಲ ಅನ್ನುತ್ತೆ ಯಂತ್ರ. ಮನೆಗೋಸ್ಕರ ವರ್ಷಗಟ್ಲೆ ಕಾಯ್ತಿರೋರು ಇದಾರೆ. ಖಾಲಿ ಇರೋದನ್ನ ಬಿಡಿಸಿ ಅವ್ರಿಗೆ ಕೊಡ್ಬೇಕಲ್ವಾ? ಮನೆ ಮನೆಗೆ ಹೋಗಿ ನೋಡೋಕೆ ನಮ್ಮಲ್ಲಿ ಜನ ಎಲ್ಲಿದಾರೆ?" ಅವನು ಹೇಳಿದ್ದೂ ಸುಳ್ಳಲ್ಲ.

"ದಿನಾ ಬೆಳಿಗ್ಗೆ ಈಜುಕೊಳಕ್ಕೆ ಹೋಗ್ತೀನಿ, ಸ್ನಾನ ಅಲ್ಲೇ. ಶೌಚಕ್ಕೆ, ನೆಲಕ್ಕೆ ಮಳೆನೀರು. ಆ ಪೀಪಾಯಿ ಕೊಟ್ಟಿದ್ದೇ ನಿಮ್ಮ ಪುರಸಭೆ ಕಣಪ್ಪ. ನೀರು ಉಳಿಸಿ ಅಂತ ಬೀದಿಗೆಲ್ಲ ಹಂಚಿದ್ರಿ."

ಯೆಲ್ಮರ್ ಕಕ್ಕಾಬಿಕ್ಕಿಯಾದ. "ಅದು... ಬೇರೆ ವಿಭಾಗ."

"ಆಗ್ಲಿ. ಮನುಷ್ಯ ನೋಡ್ಬೇಕಂತಲ್ಲ, ಯಾಕೆ ನೋಡ್ಲಿಲ್ಲ?"

"ನೋಡಿದಾರೆ. ಒಬ್ರು ಒಪ್ಪಿಗೆ ಅಂತ ಗುಂಡಿ ಒತ್ತದೆ ಪತ್ರ ಹೊರಡೋದೇ ಇಲ್ಲ."

"ಯಾರಪ್ಪ ಆ ಮಹಾನುಭಾವ?"

ಅವನು ಬಿಸ್ಕತ್ತು ಕೆಳಗಿಟ್ಟ. "ನಾನೇ."

ರೆನ್ಸ್ಕೆಗೆ ಬೈಯಬೇಕೋ ಅಳಬೇಕೋ ತೋಚಲಿಲ್ಲ. ಇದುವರೆಗೆ ಮುಖ ಮೂತಿಯಿಲ್ಲದ ಯಂತ್ರಕ್ಕೆ ಶಾಪ ಹಾಕಿದ್ದಳು. ಎದುರು ಕೂತಿದ್ದು ಮೊಮ್ಮಗನ ವಯಸ್ಸಿನವನು.

"ಏನು ನೋಡಿ ಗುಂಡಿ ಒತ್ತಿದ್ಯಪ್ಪ?"

"ಯಂತ್ರ ಹೇಳಿದ್ದನ್ನ. ಅದನ್ನೂ ಪೂರ್ತಿ ಓದ್ಲಿಲ್ಲ."

ಅವನು ಅಲ್ಲಿಯೇ ಕೂತು ಆದೇಶ ರದ್ದಾಯಿತೆಂದು ಬರೆದು, ಕೆಳಗೆ ತನ್ನ ಹೆಸರು ಹಾಕಿ ಸಹಿ ಮಾಡಿಕೊಟ್ಟ. ಮನೆ ಉಳಿಯಿತು. ರೆನ್ಸ್ಕೆಗೆ ಸಮಾಧಾನವಾದರೂ ಏನೋ ಕಸಿವಿಸಿ. ಬಾಗಿಲವರೆಗೂ ಬಂದು ಕೇಳಿದಳು:

"ನನಗೇನೋ ತಂಗಿ ಹೇಳಿದ್ಲು, ಫೋನ್ ಮಾಡ್ದೆ. ಮಾಡ್ದೇ ಇರೋರು ಏನಾದ್ರು?"

ಯೆಲ್ಮರ್ ಫೋನ್ ತೆಗೆದು, ತಾನು ಒಪ್ಪಿಗೆ ಕೊಟ್ಟಿದ್ದ ವಿಳಾಸಗಳ ಮೇಲೆ ಕಣ್ಣಾಡಿಸಿದ. ಆಮೇಲೆ ಸೈಕಲ್ ಹತ್ತಿ, ಕಚೇರಿಯ ದಾರಿ ಬಿಟ್ಟು ಸೇತುವೆ ದಾಟಿದ. ಆಚೆ ದಡದ ಮನೆಯೊಂದರ ಬಾಗಿಲು ತಟ್ಟಿ, ಯಾರಾದರೂ ತೆರೆಯಲೆಂದು ಕಾಯುತ್ತ ನಿಂತ.