ಒಂದು ಸುತ್ತಿನ ಬಿಗಿ

ಓರಗಿತ್ತಿಯನ್ನು ಕಾರ್ಖಾನೆಗೆ ಸೇರಿಸಿದ್ದು ತಾನೇ ಎಂಬ ಸಂಗತಿ ದೊಡ್ಡ ಸೊಸೆಯ ಹೊಟ್ಟೆಯಲ್ಲಿ ಕೆಂಡದಂತೆ ಕೂತಿತ್ತು. ಮಕ್ಕಳ ಡೈಪರ್ ಮಾಡುವ ಯಂತ್ರದ ಮುಂದೆ ಅವಳು ಹದಿನಾರು ವರ್ಷ ನಿಂತಿದ್ದಳು. ಎಲಾಸ್ಟಿಕ್ ಎಳೆಗಳನ್ನು ಹದವಾಗಿ ಎಳೆದು, ಅಂಟು ಬಳಿದ ಎರಡು ಪದರಗಳ ನಡುವೆ ಕೂರಿಸುವ ಕೆಲಸ. ಎಳೆತ ಕಡಿಮೆಯಾದರೆ ಸೋರುತ್ತದೆ, ಹೆಚ್ಚಾದರೆ ಕೂಸಿನ ತೊಡೆಗೆ ಬರೆ. ಚಿಕ್ಕವಳು ಬಂದು ಎರಡೇ ವರ್ಷ. ಎಳೆ ಪೋಣಿಸುವುದು, ಯಂತ್ರ ನಿಂತಾಗ ತುದಿ ಚಿಮ್ಮಿ ಉರುಳೆಗೆ ಓಡದಂತೆ ಕ್ಲಿಪ್ ಹಾಕುವುದು, ಎಲ್ಲವನ್ನೂ ಕಲಿಸಿದ್ದು ಇವಳೇ. ಈಗ ಲೈನಿನ ಮುಖ್ಯಸ್ಥೆಯ ಜಾಗ ಖಾಲಿಯಾಗಿತ್ತು. ಹೆಸರು ಹೇಳುವುದು ಇವತ್ತು ಸಂಜೆಗೆ.

"ನಿಮ್ಮ ಓರಗಿತ್ತಿ ಕೈ ಬೆಣ್ಣೆ ಕಣಮ್ಮ, ಒಂದೆಳೆ ತುಂಡಾಗಲ್ಲ," ಎಂದ ಸೂಪರ್‌ವೈಸರ್.

"ಮನೇಲೂ ಬೆಣ್ಣೆನೇ ಸಾರ್. ಅತ್ತೆ ಮುಂದೆ ಕರಗಿ ನೀರಾಗ್ತಾಳೆ."

ಅವನು ನಕ್ಕ. ಅವಳು ನಗಲಿಲ್ಲ.

ಚಹಾದ ಹೊತ್ತಿಗೆ ಎಲ್ಲರೂ ಆಚೆ ಹೋದರು. ಅವಳು ಚಿಕ್ಕವಳ ಯಂತ್ರದ ಬಳಿಗೆ ಹೋಗಿ, ಎಳೆತದ ತಿರುಪನ್ನು ಒಂದು ಸುತ್ತು ಬಿಗಿ ಮಾಡಿ ಬಂದಳು. ಒಂದೇ ಸುತ್ತು. ಆಮೇಲೆ ಹೋಗಿ ಚಹಾದ ಸಾಲಿನಲ್ಲಿ ನಿಂತಳು.

ಯಂತ್ರ ಶುರುವಾಯಿತು. ಚಿಕ್ಕವಳು ಮೊದಲ ಡೈಪರುಗಳಲ್ಲಿ ಒಂದನ್ನು ಎತ್ತಿ, ಅದರ ಕಾಲಿನ ಅಂಚಿನೊಳಗೆ ಮೊಣಕೈವರೆಗೂ ಕೈ ತೂರಿಸಿ, ಇಪ್ಪತ್ತು ಎಣಿಸಿದಳು. ಯಾವ ನಿಯಮದ ಹಾಳೆಯಲ್ಲೂ ಇಲ್ಲದ ಪರೀಕ್ಷೆ ಅದು. ತನ್ನ ಮಗಳು ಕೂಸಾಗಿದ್ದಾಗ ದೊಡ್ಡವಳೇ ಕಂಡುಕೊಂಡದ್ದು, ಅವಳೇ ಕಲಿಸಿದ್ದು. ಕೈ ತೆಗೆದರೆ ಸುತ್ತಲೂ ಕೆಂಪು ಗೆರೆ. ಚಿಕ್ಕವಳು ಯಂತ್ರ ನಿಲ್ಲಿಸಿ ತಿರುಪನ್ನು ನೋಡಿದಳು. ಆಮೇಲೆ ದೊಡ್ಡವಳನ್ನು ನೋಡಿದಳು.

ಸೂಪರ್‌ವೈಸರ್ ಓಡಿಬಂದ. "ಯಾರು ಮುಟ್ಟಿದ್ದು ಇದನ್ನ?"

"ನಾನೇ ಸಾರ್. ಒರೆಸುವಾಗ ತಿರುಗಿರ್ಬೇಕು," ಎಂದಳು ಚಿಕ್ಕವಳು.

"ನೋಡಿ, ತಪ್ಪು ಮಾಡಿದ್ರೂ ಮುಚ್ಚಿಡಲ್ಲ. ಎಂಥಾ ಗುಣ!"

ದೊಡ್ಡವಳು ಬಚಾವಾಗಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಮೈಯೆಲ್ಲ ಉರಿದುಹೋಯಿತು. ಅತ್ತೆಯನ್ನು ಕಿತ್ತುಕೊಂಡಳು, ಕೈಚಳಕವನ್ನೂ ಕಿತ್ತುಕೊಂಡಳು, ಈಗ ಒಳ್ಳೆಯತನವೂ ಇವಳಿಗೇ ಬೇಕೇ?

"ಏಯ್, ಸಾಕು ಸುಮ್ನಿರೇ! ತಿರುಗಿಸಿದ್ದು ನಾನು ಸಾರ್. ಬೇಕಂತಲೇ."

ಚಿಕ್ಕವಳು ಹತ್ತಿರ ಬಂದು ಪಿಸುಗುಟ್ಟಿದಳು. "ಯಾಕಕ್ಕಾ ಹೇಳಿದ್ರಿ? ನಾನು ಒಪ್ಕೊಂಡಿದ್ನಲ್ಲ."

"ನಿನ್ನ ಉಪಕಾರ ಹೊತ್ಕೊಂಡು ಒಂದೇ ಅಡುಗೆಮನೇಲಿ ಓಡಾಡೋಕೆ ನನ್ ಕೈಲಾಗಲ್ಲ, ತಿಳೀತಾ?"

ಸಂಜೆ ಚಿಕ್ಕವಳ ಹೆಸರು ಹೇಳಿದರು. ದೊಡ್ಡವಳನ್ನು ಮರುದಿನದಿಂದ ಪ್ಯಾಕಿಂಗಿಗೆ ಹಾಕಿದರು.

ಪ್ಯಾಕಿಂಗ್ ಮೇಜಿಗೆ ಚಿಕ್ಕವಳ ಲೈನಿನ ಡೈಪರುಗಳೇ ಬಂದು ಬೀಳುತ್ತಿದ್ದವು. ಪಕ್ಕದವಳು ಅತ್ತ ತಿರುಗಿದಾಗ ದೊಡ್ಡವಳು ಒಂದನ್ನು ಎತ್ತಿ ಕೈ ತೂರಿಸಿ ಇಪ್ಪತ್ತು ಎಣಿಸಿದಳು. ತೆಗೆದಳು. ಬೆಳಕಿಗೆ ಹಿಡಿದು, ಕೈ ತಿರುಗಿಸಿ ತಿರುಗಿಸಿ ನೋಡಿದಳು. ಗೆರೆಯೇ ಇರಲಿಲ್ಲ.

"ಹಾಳಾದೋಳು," ಎಂದು ಇನ್ನೊಂದನ್ನು ಎತ್ತಿದಳು.