ಹಾಸಿನ ಮೇಲೆ ಕತ್ತರಿ

"ಓಟಿಪಿ ಯೋಳಣ್ಣ."

"ಯೋಳಲ್ಲ ಓಗು."

ಉಮೇಶ ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿ ಮೇಲೆ ಅಂಗೈ ಒತ್ತಿಕೊಂಡ. ಅವನ ತಂಗಿ ರಮ್ಯಶ್ರೀ ನಡುಮನೆಯ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಲೊಕ್ಕನಹಳ್ಳಿ ಕಡೆಯ ಕಾಡಂಚಿನ ಆಸ್ಪತ್ರೆಯ ಡಾಕ್ಟ್ರು, ರಜೆ ಹಾಕಿ ಬಸ್ಸು ಹಿಡಿದು ಬಂದಿದ್ದಳು. ಪಕ್ಕದಲ್ಲೇ ಗುಂಡಿಮಗ್ಗ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನಂಜುಂಡಯ್ಯ ನೇಯುತ್ತಿದ್ದರು. ಕೊಳ್ಳೇಗಾಲದ ಆ ಬೀದಿಯಲ್ಲಿ ಜಗಳವಾಯಿತೆಂದು ಯಾರೂ ಮಗ್ಗ ನಿಲ್ಲಿಸುವುದಿಲ್ಲ. ಹಾಗೆ ನಿಲ್ಲಿಸುತ್ತ ಕೂತರೆ ಯಾವ ಮನೆಯಲ್ಲೂ ಒಂದು ಸೀರೆ ಮುಗಿಯುತ್ತಿರಲಿಲ್ಲ.

ವಿಷಯ ಇಷ್ಟೆ. ಎಂ.ಡಿ. ಸೀಟಿನ ಎರಡು ಸುತ್ತು ಮುಗಿದರೂ ಅವಳಿಗೆ ಏನೂ ಸಿಕ್ಕಿರಲಿಲ್ಲ. ಈಗ ನಡೆಯುತ್ತಿದ್ದದ್ದು ಮಾಪ್-ಅಪ್ ರೌಂಡು, ಉಳಿದಬಳಿದ ಸೀಟುಗಳ ಸುತ್ತು. ಇದರಲ್ಲಿ ಬಿದ್ದ ಸೀಟನ್ನು ಬೇಡ ಅನ್ನುವಂತಿಲ್ಲ, ಸೇರಲೇಬೇಕು. ಮೊದಲ ಸಾಲಿನಲ್ಲಿ ಯಾವ ವಿಭಾಗ ಹಾಕುತ್ತಾಳೋ ಹೆಚ್ಚುಕಮ್ಮಿ ಜನ್ಮಕ್ಕೆಲ್ಲ ಅದೇ. ಸಂಜೆ ಐದಕ್ಕೆ ಸೈಟು ಮುಚ್ಚುತ್ತದೆ. ಕೊನೆಯ ಬಟನ್ ಒತ್ತುವುದಕ್ಕೆ ಬೇಕಾದ ಓಟಿಪಿ ಮಾತ್ರ ಅಣ್ಣನ ಫೋನಿಗೆ ಬರುತ್ತದೆ! ಕಾಡಂಚಿನಲ್ಲಿ ಸಿಗ್ನಲ್ ಸಿಕ್ಕರೆ ಪುಣ್ಯ, ಮನೆಯ ನಂಬರೇ ಇರಲಿ ಎಂದು ಅರ್ಜಿಯಲ್ಲಿ ಅದನ್ನೇ ಕೊಟ್ಟಿದ್ದಳು ಪುಣ್ಯಾತ್ಗಿತ್ತಿ.

"ಎರಿಗೆ ಡಾಕ್ಟ್ರು ಸೀಟ ಮೊದ್ಲು ಆಕು. ಆಕಿದ್ದ ತೋರ್ಸು. ಆಮೇಲೆ ಯೋಳ್ತೀನಿ," ಎಂದ ಉಮೇಶ.

ಸೀರೆ ಅಂಗಡಿಯ ಮಹಡಿಯಲ್ಲಿ ಅವನು ಆಗಲೇ ಎರಡು ರೂಮು ಕಟ್ಟಿಸಿದ್ದ. 'ಡಾ. ರಮ್ಯಶ್ರೀ, ಹೆರಿಗೆ ಮತ್ತು ಸ್ತ್ರೀರೋಗ ತಜ್ಞೆ' ಎಂದು ಬರೆಸಿದ ಬೋರ್ಡು ಜಗಲಿಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಅದೇ.

"ನಾನು ಅನಸ್ತೇಷಿಯಾನೇ ಆಕೋದು."

"ಮತ್ತು ಬರ್ಸಕ್ಕೆ ಎಂ.ಡಿ. ಯಾಕಮ್ಮಿ? ಬಸ್‌ಸ್ಟ್ಯಾಂಡಲ್ಲಿ ಒಂದು ಬ್ರಾಂದಿ ಅಂಗ್ಡಿ ಇಕ್ಕೊಡ್ತೀನಿ. ದಿನಾ ಊರಿಗೆಲ್ಲ ಬರ್ಸು."

ರಮ್ಯಶ್ರೀಗೆ ರೇಗಿಹೋಯಿತು. "ನಮ್ಮಾಸ್ಪತ್ರೆಗೆ ಬಂದಿದ್ದ ಬಸ್ರಿ, ಆ ಮಾಲಿನಿ ಸತ್ತಿದ್ದು ಯಾಕೆ ಗೊತ್ತಾ ನಿಂಗೆ? ಒಟ್ಟೇಲಿ ಮಗ ಅಡ್ಡ ನಿಂತಿತ್ತು. ಕೊಯ್ಯೋ ಡಾಕ್ಟ್ರಿದ್ರು, ಥಿಯೇಟ್ರಿತ್ತು. ಮತ್ತು ಬರ್ಸೋರು ಇರ್ಲಿಲ್ಲ. ಮೈಸೂರು ದಾರೀಲಿ ನನ್ ಕೈ ಇಡ್ಕಂಡಂಗೇ ಪ್ರಾಣ ಬುಟ್ಲು ಕಣಣ್ಣ, ಆಂಬುಲೆನ್ಸಲ್ಲಿ."

"ಸತ್ತೋರ ಕತೆ ನಮ್ಮನೆ ಬಾಗ್ಲಿಗೆ ತರಬ್ಯಾಡ. ನೀನು ಓದ್ಲಿ ಅಂತ ನಾನು ಎಸ್ಸೆಸ್ಸೆಲ್ಸಿ ಬುಟ್ಟು ಈ ಗುಂಡಿಗೆ ಇಳ್ದೆ. ಆ ಬೋರ್ಡಲ್ಲಿ ನಿನ್ನೆಸರು ಮಾತ್ರ ಇರಬೌದು. ಅದು ನಂದೂವೆ."

ಅದು ಸುಳ್ಳಲ್ಲ. ಸುಳ್ಳಲ್ಲದ್ದಕ್ಕೇ ಅವಳಿಗೆ ಇನ್ನಷ್ಟು ಮೈ ಉರಿಯಿತು.

ಮೂಲೆಯಲ್ಲಿ ಅವ್ವ ರಂಗಮ್ಮ ರಾಟೆ ತಿರುಗಿಸುತ್ತ ಲಾಳಿಗೆ ನೂಲು ಸುತ್ತುತ್ತಿದ್ದರು. "ಅಣ್ಣ ಯೋಳ್ದಂಗೆ ಕೇಳವ್ವ. ಎಣ್ಮಕ್ಕಳಿಗೆ ಈ ಪಾಟಿ ಅಟ ಬ್ಯಾಡ."

"ನೀನು ಸುಮ್ಕಿರವ್ವ! ಅಪ್ಪಾ, ನೀನಾರ ಒಂದು ಮಾತು ಯೋಳು."

ಲಾಳಿ ಅತ್ತ ಹೋಯಿತು, ಇತ್ತ ಬಂತು.

ಐದಾಗುವುದಕ್ಕೆ ಹೆಚ್ಚು ಹೊತ್ತಿರಲಿಲ್ಲ. ರಮ್ಯಶ್ರೀ ಎದ್ದಳು. ಲ್ಯಾಪ್‌ಟಾಪನ್ನು ಅಪ್ಪ ಕೂತಿದ್ದ ಹಲಗೆಯ ಮೇಲಿಟ್ಟಳು. ಜರಿ ಕತ್ತರಿಸುವ ಸಣ್ಣ ಕತ್ತರಿ ಅಲ್ಲೇ ಬಿದ್ದಿತ್ತು. ಅದನ್ನು ತೆಗೆದುಕೊಂಡು ಮಗ್ಗದುದ್ದಕ್ಕೂ ಬಿಗಿದಿದ್ದ ರೇಷ್ಮೆ ಎಳೆಗಳ ಹಾಸಿನ ಅಂಚಿಗೆ ಕತ್ತರಿಯ ಬಾಯಿ ಕೊಟ್ಟು ಹಿಡಿದಳು.

ಮಗ್ಗ ನಿಂತಿತು. ಆ ಮನೆಯಲ್ಲಿ ನೇಯುತ್ತಿರುವ ಹಾಸಿನ ಎಳೆಗೆ ಯಾರೂ ಕತ್ತರಿ ತಾಗಿಸಿದವರಲ್ಲ. ಅಜ್ಜಿಯ ಹೆಣ ಇದೇ ನಡುಮನೆಯಲ್ಲಿದ್ದಾಗಲೂ ಮಗ್ಗದ ಮೇಲೊಂದು ಪಂಚೆ ಹೊದಿಸಿ, ಕರ್ಮಾಂತರ ಮುಗಿಸಿ, ಅದೇ ಎಳೆಗಳ ಮೇಲೆ ಮತ್ತೆ ನೇಯ್ದಿದ್ದರು. ಹಾಸು ಕಡಿದರೆ ಮನೆ ಕಡಿದಂತೆ ಎನ್ನುವುದು ಅಪ್ಪನ ಮಾತು.

"ಓಟಿಪಿ ಯೋಳು. ಇಲ್ಲಾಂದ್ರೆ ಕತ್ತರಿಸ್ತೀನಿ."

"ಕತ್ತರ್ಸು ನೋಡವ," ಉಮೇಶ ನಕ್ಕ. "ಅದಕ್ಕೆ ಎದೆ ಬೇಕು ಕಣಮ್ಮಿ."

ಕತ್ತರಿ ಕಚಕ್ಕೆಂದಿತು. ಒಂದು ಬೆರಳಗಲದ ಅರಿಶಿನ ಬಣ್ಣದ ಎಳೆಗಳು ಎರಡೂ ಕಡೆಗೆ ಚಿಮ್ಮಿ ಮುದುರಿಕೊಂಡವು. "ಅಯ್ಯೋ ಮಾದಪ್ಪಾ!" ಎಂದು ರಂಗಮ್ಮ ಬಾಯಿಗೆ ಸೆರಗು ತುರುಕಿಕೊಂಡರು. ರಮ್ಯಶ್ರೀ ಕತ್ತರಿಯನ್ನು ಇನ್ನಷ್ಟು ಒಳಕ್ಕೆ ಸರಿಸಿ ಅದರ ಬಾಯಿ ತೆರೆದು ಹಿಡಿದಳು.

ಉಮೇಶ ಹೊಡೆಯಲು ಕೈಯೆತ್ತಿಕೊಂಡು ಮುಂದೆ ಬಂದ.

"ಉಮೇಶ, ಫೋನ್ ಕೊಡ್ಲಾ," ಎಂದರು ಅಪ್ಪ.

"ಅಪ್ಪಾ, ಇವ್ಳು ಮಾಡಿದ್ದು..."

"ಕೊಡ್ಲಾ ಅಂದೆ."

ಅವಳು ಒಂದು ಕೈಯಲ್ಲಿ ಕತ್ತರಿ ಹಿಡಿದೇ ಇನ್ನೊಂದು ಕೈಯಿಂದ ಹೊಸ ಓಟಿಪಿ ತರಿಸಿದಳು. ಗುಂಡಿಯಿಂದಲೇ ಕೈಚಾಚಿ ಫೋನು ತೆಗೆದುಕೊಂಡಿದ್ದ ಅಪ್ಪ ಒಂದೊಂದೇ ಅಂಕಿ ಹೇಳಿದರು. ಅಂಕಿ ನೋಡುವುದು, ಹೇಳುವುದು, ತಕ್ಷಣ ಕತ್ತರಿಯ ಕಡೆ ನೋಡುವುದು. ಮಗಳ ಮುಖದ ಕಡೆಗೆ ಒಮ್ಮೆಯೂ ನೋಡಲಿಲ್ಲ. ಅವಳು ಒತ್ತಿದಳು. ಮೊದಲ ಸಾಲಿನಲ್ಲಿ ಅನಸ್ತೇಷಿಯಾ ಎಂದಿದ್ದ ಪುಟ ಸಬ್ಮಿಟ್ ಆಯಿತು.

"ಆಯ್ತಾ?"

"ಆಯ್ತಪ್ಪ."

"ಕತ್ತರಿ ಕೆಳಗಿಕ್ಕು."

ಇಟ್ಟಳು. ಉಮೇಶ ಹೊರಗೆ ಹೋದ. ಜಗಲಿಯಲ್ಲಿ ಬೋರ್ಡು ಧಡಾರನೆ ಬಿದ್ದ ಸದ್ದಾಯಿತು.

ಅಪ್ಪ ಕನ್ನಡಕ ಏರಿಸಿಕೊಂಡು, ಹರಿದ ಎಳೆಗಳ ತುದಿ ಹುಡುಕಿ ಗಂಟು ಹಾಕಲು ಕೂತರು. ಕೈಗೆ ಸಿಕ್ಕ ಎಳೆ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಅವಳು ಸಣ್ಣವಳಿದ್ದಾಗ ಎಳೆ ಹರಿದರೆ ಅಪ್ಪ ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ, "ನನ್ ಕೂಸಿನ ಬೆರಳೇ ಬೇಕು ಇದಕ್ಕೆ" ಎನ್ನುತ್ತಿದ್ದರು. ರಮ್ಯಶ್ರೀ ಬಗ್ಗಿ ಒಂದು ತುದಿ ಹಿಡಿದುಕೊಂಡಳು.

ಅಪ್ಪ ಮೊಣಕೈಯಿಂದ ಅವಳ ಕೈ ತಳ್ಳಿದರು. "ಮುಟ್ಬ್ಯಾಡ."

"ಅಪ್ಪಾ..."

"ಬಸ್ಸು ಓಯ್ತದೆ. ನಡಿ."

ಅವಳು ಬ್ಯಾಗು ಹೆಗಲಿಗೆ ಹಾಕಿ, ಬಿದ್ದಿದ್ದ ಬೋರ್ಡನ್ನು ದಾಟಿ, ಚಪ್ಪಲಿ ಮೆಟ್ಟಿಕೊಂಡಳು. ಎಡಗಡೆ ಮನೆಯ ಮಗ್ಗ ಆಡುತ್ತಿತ್ತು, ಬಲಗಡೆಯದು ಆಡುತ್ತಿತ್ತು, ಎದುರು ಮನೆಯದೂ. ಬಸ್ಸು ಹೋದರೆ ಹೋಗಲಿ ಎಂದು ಜಗಲಿಯ ಕಂಬ ಹಿಡಿದು ನಿಂತಳು. ದೀಪ ಹಚ್ಚುವ ಹೊತ್ತಾದರೂ ಒಳಗಿನಿಂದ ಮಗ್ಗದ ಸದ್ದು ಬರಲಿಲ್ಲ.