ಮ್ಯಾನೇಜರ್ ಧ್ವನಿಗೆ ಹೊತ್ತಿದ ಗೂಡು

ಇದು ನಿಜವಾಗಿ ನಡೆದದ್ದು. ಕಟ್ಟುಕತೆಯಾಗಿದ್ದಿದ್ದರೆ ಕೊನೆಗೆ ಯಾರಾದರೂ ಒಬ್ಬರಿಗಾದರೂ ಒಳ್ಳೆಯದಾಗುತ್ತಿತ್ತು.

ಇಟ್ಟಿಗೆ ಕಾರ್ಖಾನೆಯಲ್ಲಿ ಮಾವನ ಕೈಕೆಳಗೆ ದುಡಿಯುತ್ತಿದ್ದ ಅಳಿಯನನ್ನು ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಯಾರ ಧ್ವನಿ ಬೇಕಾದರೂ ಹಿಡಿಯುತ್ತಿದ್ದ. ಲಾರಿ ಹಿಂದಕ್ಕೆ ಬರುವಾಗಿನ ಕುಂಯ್‌ಕುಂಯ್ ಮಾಡಿ ಎಷ್ಟೋ ಜನರನ್ನು ಗೋಡೆಗೆ ಅಂಟಿಸಿದ್ದ. ಮನೆಯಲ್ಲಿ ಅತ್ತೆಯ ಧ್ವನಿಯಲ್ಲಿ ಹೆಂಡತಿಯನ್ನು ಕೂಗಿ ಬೈಸಿಕೊಂಡದ್ದೂ ಉಂಟು. "ಅಳಿಯಂದ್ರಿಗೆ ಸ್ಟೇಷನ್ ಬೇಕಾದಷ್ಟಿವೆ, ಸ್ವಂತ ಕಾರ್ಯಕ್ರಮ ಒಂದೂ ಇಲ್ಲ" ಎಂದು ಮಾವ ಹಂಗಿಸುತ್ತಿದ್ದರು.

ಆ ಮಾವನೇ ಗೂಡಿನ ಮೇಸ್ತ್ರಿ. ಗೂಡು ಎಂದರೆ ತೊಂಬತ್ತು ಮೀಟರ್ ಉದ್ದದ ಸುರಂಗ. ಅದರಲ್ಲಿ ಬೆಂಕಿ ನಿಂತಲ್ಲೇ ನಿಂತಿರುತ್ತದೆ, ಪ್ರಯಾಣ ಮಾಡುವುದು ಇಟ್ಟಿಗೆ. ಹಸಿ ಇಟ್ಟಿಗೆ ಹೇರಿದ ಗಾಡಿ ಹಳಿಯ ಮೇಲೆ ಒಂದು ಬಾಯಿಂದ ಒಳಹೋಗಿ, ಬೆಂಕಿಯ ಕಡೆಯಿಂದ ಬರುವ ಹೊಗೆಗೆ ಮೈಯೊಡ್ಡಿ ಬೆಚ್ಚಗಾಗಿ, ನಟ್ಟನಡುವೆ ಸಾವಿರ ಡಿಗ್ರಿಯಲ್ಲಿ ಬೆಂದು, ಆಚೆ ತಣ್ಣಗಾಗುತ್ತ, ಮೂರನೆಯ ದಿನ ಕೆಂಪಗೆ ಹೊರಬರುತ್ತದೆ. ತಣ್ಣಗಾಗುವಾಗ ಅದು ಬಿಟ್ಟ ಬಿಸಿಗಾಳಿಯನ್ನೂ ಫ್ಯಾನು ಎಳೆದು ಮತ್ತೆ ಬೆಂಕಿಗೇ ಕೊಡುತ್ತದೆ. "ಇದರೊಳಗೆ ಯಾವುದೂ ದಂಡ ಅಲ್ಲ, ನನ್ನ ಅಳಿಯನ್ನ ಬಿಟ್ಟು" ಎಂದು ಮಾವ ಹೊಸಬರಿಗೆ ಗೂಡು ತೋರಿಸುತ್ತಿದ್ದರು.

ಇಪ್ಪತ್ತೆರಡು ವರ್ಷ ಉರಿದ ಬೆಂಕಿ ಅದು. ಈಗ ಇಟ್ಟಿಗೆ ಕೇಳುವವರಿಲ್ಲದೆ ಆರಿಸಿದ್ದರು. ಗೂಡಿದ್ದೂ ಹಕ್ಕಿಗಳೆಲ್ಲ ಹಾರಿಹೋಗಿದ್ದವು. ಉಳಿದದ್ದು ಮ್ಯಾನೇಜರ್, ಮಾವ, ಅಳಿಯ, ಪ್ಯಾಕಿಂಗ್ ಶೆಡ್ಡಿನಲ್ಲಿ ಕಟ್ಟಲು ಏನೂ ಇಲ್ಲದ ಮೂರು ಜನ. ಒಂದೇ ಒಂದು ಆಸೆ ಇತ್ತು. ಹಂಚು ಮಾಡುವವರೊಬ್ಬರು ನಾಡಿದ್ದು ಬಂದು ಗೂಡಿನೊಳಗೆ ನಡೆದು ನೋಡುವವರಿದ್ದರು. ಮೇಲಿನ ಕಮಾನು ಗಟ್ಟಿಯಾಗಿದ್ದರೆ ಗೂಡನ್ನೂ ಕೊಳ್ಳುತ್ತಾರೆ, ಗೂಡಿನ ಜೊತೆ ಮಾವ ಅಳಿಯ ಇಬ್ಬರನ್ನೂ ಇಟ್ಟುಕೊಳ್ಳುತ್ತಾರೆ. ಕಮಾನು ಬಿರಿದಿದ್ದರೆ ಗುಜರಿಗೆ. ಆ ಮನೆಯಲ್ಲಿ ದುಡಿಯುವವರು ಇಬ್ಬರೇ, ಇಬ್ಬರೂ ಒಂದೇ ಕಮಾನಿನ ಕೆಳಗೆ.

ಅದಕ್ಕೇ ಮಾವ ಆರು ದಿನದಿಂದ ಗೂಡನ್ನು ಮಗುವನ್ನು ಮಲಗಿಸುವ ಹಾಗೆ ತಣಿಸುತ್ತಿದ್ದರು. ತಣ್ಣಗಾದಂತೆ ಕಮಾನು ಕುಗ್ಗುತ್ತದೆ. ಅದನ್ನು ಅಪ್ಪಿ ಹಿಡಿದ ಕಬ್ಬಿಣದ ಕಂಬಿಗಳ ನಟ್ಟನ್ನು ಮೇಲೆ ಹತ್ತಿ ಹೊತ್ತುಹೊತ್ತಿಗೆ ಇಷ್ಟಿಷ್ಟೇ ಬಿಗಿಯಬೇಕು. ಮತ್ತೆ ಕಾಯಿಸುವುದಾದರೆ ಮೊದಲು ಸಡಿಲಿಸಬೇಕು, ಇಲ್ಲದಿದ್ದರೆ ಹಿಗ್ಗುವ ಕಮಾನಿಗೆ ಜಾಗವಿಲ್ಲದೆ ಇಟ್ಟಿಗೆ ಇಟ್ಟಿಗೆಯನ್ನೇ ಅರೆದುಬಿಡುತ್ತದೆ. ಕೆಳಗಿನಿಂದ ಮೇಲಿನವರು ಕಾಣುವುದಿಲ್ಲ, ಫ್ಯಾನಿನ ಸದ್ದಿಗೆ ಕೂಗೂ ಕೇಳುವುದಿಲ್ಲ. ಕೆಳಗಿನವರು ಕಂಬಕ್ಕೆ ಸುತ್ತಿಗೆಯಿಂದ ಎರಡು ಹೊಡೆದರೆ ಬಿಗಿ, ಮೂರು ಹೊಡೆದರೆ ಸಡಿಲ.

ಆ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಮೇಲಿರಬೇಕಾದವನು ಅಳಿಯ. ಸೆಕೆಗೆ ಬೇಸತ್ತು ಹಿಂದಿನ ಏಣಿಯಿಂದ ಇಳಿದು ಪ್ಯಾಕಿಂಗ್ ಶೆಡ್ಡಿಗೆ ಜಾರಿಕೊಂಡ.

"ರೇಡಿಯೋ ಬಂತು! ಏನಾದ್ರೂ ಹಾಕೋ ಮಾರಾಯ, ಸಾಯ್ತಾ ಇದ್ದೀವಿ" ಎಂದ ದಪ್ಪಣ್ಣ. ಅವನು ಪ್ಯಾಕಿಂಗಿನವರ ಮುಖಂಡ.

"ಮಾವನ ಬೈಗುಳ ಹಾಕಲಾ? ನೇರ ಪ್ರಸಾರ!"

ಮ್ಯಾನೇಜರ್ ಆಗದ ಹೋಗದ ಕೆಲಸ ಹೇಳುವುದು, ಮಾವ ಫೋನಿನಲ್ಲೇ ಜಗಳಕ್ಕೆ ನಿಲ್ಲುವುದು ಕಾರ್ಖಾನೆಯ ನಿತ್ಯದ ಮನರಂಜನೆ. ಅಳಿಯ ಶೆಡ್ಡಿನ ಫೋನೆತ್ತಿ ಗೂಡಿನ ನಂಬರು ಒತ್ತಿ, ಮ್ಯಾನೇಜರ್ ಮಾಡುವ ಹಾಗೆ ಮೂಗಿನಲ್ಲಿ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಹ್ಞಂ... ಮೇಸ್ತ್ರಿ, ಕೊಳ್ಳೋರು ಫೋನ್ ಮಾಡಿದ್ರು. ಅವರಿಗೆ ತಣ್ಣಗಿನ ಗೂಡು ನೋಡೋದು ಬೇಡವಂತೆ, ಉರಿಯೋ ಗೂಡೇ ಬೇಕಂತೆ. ಸಂಜೆಯೊಳಗೆ ಸಾವಿರ ಡಿಗ್ರಿ ಬರ್ಬೇಕು."

ನಾಲ್ಕೂ ಜನ ರಿಸೀವರಿಗೆ ಕಿವಿ ಹಚ್ಚಿದರು. 'ಗೂಡು ಅಂದ್ರೆ ನಿಮ್ಮನೆ ಸ್ನಾನದ ಹಂಡೆನಾ ಸಾರ್?' ಎಂದು ಈಗ ಶುರುವಾಗುತ್ತದೆ ಎಂದು ಕಾದರು.

"ಆಗಲಿ ಸಾರ್" ಎಂದರು ಮಾವ. ಅಷ್ಟೇ. ಫೋನಿಟ್ಟರು.

"ಇದೇನೋ, ನಿಮ್ಮ ಮಾವ ಕೆಟ್ಟುಹೋಗಿದಾರೆ" ಎಂದ ದಪ್ಪಣ್ಣ.

"ತಮಾಷೆ ಗೊತ್ತಾಗಿರ್ಬೇಕು. ಮೇಲೆ ಹತ್ತಿ ನನ್ನನ್ನ ಹುಡುಕ್ತಿರ್ತಾರೆ, ಈಗ ಹೋದ್ರೆ ಒದೆ" ಎಂದ ಅಳಿಯ. ಇಸ್ಪೀಟು ಎಲೆ ಹಂಚಿದರು. ಎರಡಾಟ ನಾಲ್ಕಾಟವಾಯಿತು.

ಗೋಡೆಯಾಚೆಯಿಂದ ಬರುತ್ತಿದ್ದ ಮೊರೆತ ಫ್ಯಾನಿನದಲ್ಲ, ಅನಿಲ ಉರಿಸುವ ಬರ್ನರಿನದು ಎಂದು ಗೊತ್ತಾದಾಗ ಅಳಿಯ ಎಲೆಗಳನ್ನು ಚೆಲ್ಲಿ ಎದ್ದ. ಓಡಿದ. ಮಾವ ಬರ್ನರುಗಳ ಸಾಲಿನ ಮುಂದೆ, ಮುಖವೆಲ್ಲ ಬೆವರಾಗಿ, ನೋಡುಗಿಂಡಿಗೆ ಕಣ್ಣಿಟ್ಟು ನಿಂತಿದ್ದರು. ಇಷ್ಟು ಸಂತೋಷವಾಗಿ ಅವರನ್ನು ಅವನು ಮದುವೆ ದಿನವೂ ಕಂಡಿರಲಿಲ್ಲ.

"ಬನ್ನಿ ಬನ್ನಿ! ಕೊಳ್ಳೋರು ನಮ್ಮ ಗೂಡು ಉರಿಯೋದನ್ನೇ ನೋಡ್ಬೇಕಂತೆ! ಎಲ್ಲಾ ನಟ್ಟೂ ಸಡಿಲಿಸಿದ್ರಾ? ಮೂರು ಹೊಡೆದೆ, ಕೇಳಿಸ್ತಲ್ಲ?"

ಅಳಿಯನ ಬಾಯಿಂದ ಯಾರ ಧ್ವನಿಯೂ ಬರಲಿಲ್ಲ. ಅವನ ಮುಖ ನೋಡಿ ಮಾವ ಅನಿಲದ ಕವಾಟದತ್ತ ಧಾವಿಸಿದರು. ಬೆಂಕಿ ಆರಿತು. ಆದರೆ ಮೇಲೆ ಒಣಗಿದ ರೊಟ್ಟಿ ಮುರಿದಂಥ ಸದ್ದು ಆಗಲೇ ಶುರುವಾಗಿತ್ತು. ಕಮಾನಿನ ನಡುಭಾಗ ಹಳಿಯ ಮೇಲೆ ಕುಸಿಯಿತು. ಎರಡೂ ಬಾಯಿಂದ ಕೆಂಪು ಧೂಳು ಹೊರಬಂತು.

ಮಧ್ಯಾಹ್ನ ಮ್ಯಾನೇಜರ್ ಬಂದು, ಗೂಡಿನ ಬಾಯಲ್ಲೇ ನಿಂತು, ಒಳಗೆ ಟಾರ್ಚು ಬಿಟ್ಟರು.

"ಯಾರು ಹೇಳಿದ್ದು ಹಚ್ಚಕ್ಕೆ?"

"ನೀವೇ ಸಾರ್. ಫೋನಲ್ಲಿ."

"ನಾನು ಫೋನೇ ಮಾಡಿಲ್ಲ ಮೇಸ್ತ್ರಿ." ಅವರು ಟಾರ್ಚು ಆರಿಸಿ, ಬೈಯಲೂ ಮನಸ್ಸಿಲ್ಲದವರಂತೆ ನಿಂತರು. "ವಯಸ್ಸಾಯ್ತು ನಿಮಗೆ. ಕೊಳ್ಳೋರಿಗೆ ಬರೋದು ಬೇಡ ಅಂತ ಹೇಳಿಬಿಡ್ತೀನಿ." ಹೋದರು.

ಮಾವ ತಮ್ಮ ಕೈಗಳನ್ನೇ ನೋಡುತ್ತ ಗಾಡಿಯ ಅಂಚಿನಲ್ಲಿ ಕೂತರು. "ನಿಜವಾಗ್ಲೂ ಕೇಳಿಸ್ತು ಕಣ್ರೀ. ಅದೇ ಮೂಗು, ಅದೇ ಕೆಮ್ಮು. ನನಗೆ ತಲೆ ಕೆಟ್ಟಿದೆಯಾ?"

ಅಳಿಯ ಸುಮ್ಮನಿದ್ದಿದ್ದರೆ ಫೋನಿನ ವಿಷಯ ಶೆಡ್ಡಿನಾಚೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಾವ ಇನ್ನುಳಿದ ದಿನವೆಲ್ಲ ಹುಚ್ಚನೆಂದುಕೊಂಡು ಬದುಕುತ್ತಾರೆ. ಅಳಿಯ ತನ್ನದೇ ಧ್ವನಿಯನ್ನು ಹುಡುಕಿ ತೆಗೆದ.

"ಮಾವ, ಅದು ನಾನು. ನೀವು ಬೈತೀರಿ ಅಂತ... ಬೈಗುಳ ಕೇಳೋಣ ಅಂತ. ಮೇಲೆ ನಾನಿರ್ಲಿಲ್ಲ."

ಹಿಂದೆ ನಿಂತಿದ್ದ ದಪ್ಪಣ್ಣನಿಗೆ ಹೆದರಿಕೆಗೋ ಏನೋ ಕಿಸಕ್ಕೆಂದು ನಗು ಬಂದುಬಿಟ್ಟಿತು. ಪಕ್ಕದವನಿಗೂ ಅಂಟಿತು. ಇಬ್ಬರೂ ಬಾಯಿಗೆ ಕೈ ಒತ್ತಿಕೊಂಡರು.

ಮಾವ ಅಳಿಯನತ್ತ ತಿರುಗಿದರು.

"ಇಪ್ಪತ್ತೆರಡು ವರ್ಷ," ಎಂದರು, "ಆ ಮನುಷ್ಯ ಏನು ಹೇಳಿದ್ರೂ ಆಗಲ್ಲ ಅಂದೆ. ಒಂದೇ ಒಂದು ದಿನ ಆಗಲಿ ಅಂದೆ. ಅದೂ ನಿಮಗೆ ಅಂದೆನಲ್ಲ ಅಳಿಯಂದ್ರೇ!"

ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಅಳಿಯ ಮುಂದೆ ಬಂದ. ಅಳುತ್ತಿರಲಿಲ್ಲ. ಮಾವ ನಗುತ್ತಿದ್ದರು, ಗಾಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಸಿಗದ ಹಾಗೆ. ದಪ್ಪಣ್ಣನ ನಗು ಯಾವಾಗಲೋ ನಿಂತುಹೋಗಿತ್ತು. ಮಾವನ ನಗು ಖಾಲಿ ಸುರಂಗವನ್ನು ಹೊಕ್ಕು ದೊಡ್ಡದಾಗುತ್ತಲೇ ಹೋಯಿತು.